ಎಐ ಕ್ಯಾಮೆರಾ ಇದ್ದರೂ ಫೋಕಸ್ ತಪ್ಪುತ್ತಿದೆಯಾ? ಹೀಗೆ ಮಾಡಿ

ಹೊಸ ಕ್ಯಾಮೆರಾ ಕೊಂಡವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಇದರಲ್ಲಿ ಎಐ ಇದೆ, ಆದ್ರೂ ಫೋಟೊ ಯಾಕೆ ಮಸುಕು?’ ಮೆನು ತೆಗೆದು ನೋಡಿದರೆ ಎಲ್ಲವೂ ಆಟೊದಲ್ಲೇ ಇರುತ್ತದೆ. ಕ್ಯಾಮೆರಾ ಕಣ್ಣು ಹುಡುಕಿಕೊಡುತ್ತದೆ, ನಿಜ. ಯಾರ ಕಣ್ಣು ಅಂತ ಹೇಳಬೇಕಾದವರು ನೀವು.

ಮೊದಲು ಫೋಕಸ್ ಮೋಡನ್ನು ಎಎಫ್-ಸಿಗೆ ಹಾಕಿ, ಅಂದರೆ ಎದುರಿನವರು ಅಲುಗಾಡಿದರೂ ಫೋಕಸ್ ಬಿಡದೆ ಹಿಂಬಾಲಿಸುವ ಮೋಡ್. ಕ್ಯಾನನ್‌ನಲ್ಲಿ ಅದರ ಹೆಸರು ಸರ್ವೋ.

ಆಮೇಲೆ ಸಬ್ಜೆಕ್ಟ್ ಡಿಟೆಕ್ಷನ್‌ಗೆ ಹೋಗಿ ಮನುಷ್ಯ, ಪ್ರಾಣಿ, ಹಕ್ಕಿ, ವಾಹನ, ಇವುಗಳಲ್ಲಿ ಏನು ತೆಗೆಯುತ್ತೀರೋ ಅದನ್ನೇ ಆರಿಸಿ. ಆಟೊ ಬೇಡ.

ಜಾಸ್ತಿ ಜನ ಎಡವುವುದು ಮುಂದಿನ ಹಂತದಲ್ಲಿ. ಫೋಕಸ್ ಏರಿಯಾವನ್ನು ಇಡೀ ಚೌಕಟ್ಟಿಗೆ ಬಿಟ್ಟರೆ, ಗುಂಪಿನಲ್ಲಿ ಯಾವ ಮುಖ ಹಿಡಿಯಬೇಕು ಅಂತ ಕ್ಯಾಮೆರಾನೇ ತೀರ್ಮಾನ ಮಾಡುತ್ತದೆ. ಅದರ ಬದಲು ಟ್ರ್ಯಾಕಿಂಗ್ ಇರುವ ಸಣ್ಣ ಪಾಯಿಂಟ್ ಇಟ್ಟುಕೊಳ್ಳಿ. ನಿಕಾನ್‌ನವರು ಇದನ್ನು 3ಡಿ ಟ್ರ್ಯಾಕಿಂಗ್ ಅನ್ನುತ್ತಾರೆ. ಪಾಯಿಂಟನ್ನು ಬೇಕಾದವರ ಮುಖದ ಮೇಲಿಟ್ಟು ಶಟರ್ ಬಟನ್ ಅರ್ಧ ಒತ್ತಿ, ಬೆರಳು ತೆಗೆಯದೆ ಫ್ರೇಮ್ ಸರಿಮಾಡಿಕೊಳ್ಳಿ. ಸ್ಕ್ರೀನ್‌ನಲ್ಲಿ ಕಾಣುವ ಫೋಕಸ್ ಚೌಕ ಬೇರೆಯವರ ಮೇಲೆ ಹಾರಿತಾ? ಕಾಯುತ್ತಾ ಕೂರಬೇಡಿ, ಬೆರಳೆತ್ತಿ ಮತ್ತೆ ಹಿಡಿಯಿರಿ.

ಹಕ್ಕಿ ತೆಗೆಯುವವರು ಇದೊಂದನ್ನು ಚೆನ್ನಾಗಿ ತಿಳಿದುಕೊಳ್ಳಿ. ಎಐ ಹೇಳುವುದು ಹಕ್ಕಿ ಚಿತ್ರದಲ್ಲಿ ಎಲ್ಲಿದೆ ಅಂತ. ಎಷ್ಟು ದೂರದಲ್ಲಿದೆ ಅಂತ ಅಳೆಯುವುದು ಸೆನ್ಸರ್ ಮೇಲಿನ ಫೇಸ್ ಡಿಟೆಕ್ಷನ್ (phase detection, ಮುಖ ಗುರುತಿಸುವ face detection ಅಲ್ಲ). ಮಧ್ಯೆ ಒಂದು ಕಡ್ಡಿ ಬಂದರೂ ಆ ಅಳತೆ ಕೆಡುತ್ತದೆ. ಒಬ್ಬರು ತೋರಿಸಿದ ಮಿಂಚುಳ್ಳಿ ಫೋಟೊದಲ್ಲಿ ಮುಂದಿದ್ದ ಒಣ ಕಡ್ಡಿಯ ತೊಗಟೆಯ ಸೀಳುಗಳನ್ನು ಎಣಿಸಬಹುದಿತ್ತು, ಹಕ್ಕಿ ಮಾತ್ರ ನೀಲಿ ಮುದ್ದೆ. ಇನ್ನೊಂದು ತೊಡಕು, ಲೆನ್ಸ್ ಪೂರ್ತಿ ಔಟ್ ಆಫ್ ಫೋಕಸ್ ಆಗಿದ್ದರೆ ಎಐಗೆ ಅಲ್ಲಿ ಹಕ್ಕಿ ಇದೆ ಅಂತಲೇ ಗೊತ್ತಾಗುವುದಿಲ್ಲ. ಎರಡಕ್ಕೂ ಮದ್ದು ಒಂದೇ: ಫೋಕಸ್ ರಿಂಗನ್ನು ಕೈಯಲ್ಲಿ ತಿರುಗಿಸಿ ಹಕ್ಕಿ ಒಂದಿಷ್ಟು ಕಾಣುವ ಹಾಗೆ ಮಾಡಿ, ಆಮೇಲೆ ಅರ್ಧ ಒತ್ತಿ. ಅಷ್ಟೇ ದೂರದ ಬೇರೆ ಕೊಂಬೆಗೆ ಮೊದಲು ಫೋಕಸ್ ಮಾಡಿ ಹಕ್ಕಿಯ ಕಡೆ ತಿರುಗಿದರೂ ಆದೀತು.

ಅಂದಹಾಗೆ, ಟೆಲಿ ಲೆನ್ಸ್‌ಗೆ ಅಗ್ಗದ ಫಿಲ್ಟರ್ ಹಾಕಲೇಬೇಡಿ. ಚಿತ್ರದ ಹರಿತ ಹೋಗುತ್ತದೆ, ನೀವು ಸುಮ್ನೆ ಫೋಕಸ್ಸನ್ನು ಬೈಯುತ್ತಾ ಇರುತ್ತೀರಿ.

ಅಪರ್ಚರ್, ಅಂದರೆ ಲೆನ್ಸ್ ಒಳಗೆ ಬೆಳಕು ಬಿಡುವ ಕಿಂಡಿ, ಅದನ್ನು ಪೂರ್ತಿ ತೆರೆಯುವ ಚಪಲವನ್ನೂ ಸ್ವಲ್ಪ ಬಿಡಿ. ಎಫ್ ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸ್, ಎಫ್ 1.8, ಎದುರಿನವರು 2 ಮೀಟರ್ ದೂರ ಅಂದುಕೊಳ್ಳಿ. ಆಗ ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂಟಿಮೀಟರ್. 1 ಮೀಟರ್‌ಗೆ ಬಂದರೆ ಒಂದೂವರೆ ಸೆಂಟಿಮೀಟರ್, ಅಷ್ಟೇ. ಅವರು ಉಸಿರಾಡುತ್ತಾ ಒಂಚೂರು ಮುಂದೆ ಬಾಗಿದರೂ ಕಣ್ಣು ಹೋಯಿತು. ನಾನಂತೂ ಎಫ್ 2.8ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ, ನೀವೂ ಅಲ್ಲಿಂದಲೇ ಶುರುಮಾಡಿ.

ಕೊನೆಗೆ ಫೋಟೊವನ್ನು ಪೂರ್ತಿ ಜೂಮ್ ಮಾಡಿ ನೋಡಿ. ಕಿವಿಯೋ ಹಿಂದಿನ ಗೋಡೆಯೋ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಎಲ್ಲೂ ಏನೂ ಸ್ಪಷ್ಟವಿಲ್ಲ ಅಂದ್ರೆ ತಪ್ಪು ಹೆಚ್ಚಾಗಿ ಶಟರ್ ಸ್ಪೀಡ್‌ನದು. ಓಡುವ ಮಕ್ಕಳಿಗೆ 1/500 ಸೆಕೆಂಡಿನಿಂದ ಶುರುಮಾಡಿ, ಸಾಲದಿದ್ದರೆ 1/1000ಕ್ಕೆ ಏರಿಸಿ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಹೆಚ್ಚಾದರೆ ಆಗಲಿ ಬಿಡಿ.