ಕಥೆ ಪೂರ್ತಿ ಇದೆಯಾ, ಚಿತ್ರ ಪೂರ್ತಿ ಇದೆಯಾ?

ಮಕ್ಕಳ ಹತ್ತು ಹಳೆಯ ಸಚಿತ್ರ ಕಥೆಗಳು ಒಂದೇ ಪುಸ್ತಕದಲ್ಲಿ ಸಿಗುತ್ತವೆ ಅಂದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಆ ಹತ್ತೂ ಕಥೆಗಳು ಮೊದಲು ಬೇರೆ ಬೇರೆ ಪುಸ್ತಕಗಳಾಗಿ ಬಂದಿದ್ದವು. ಒಟ್ಟಿಗೆ ಸೇರಿಸುವಾಗ ಅವುಗಳಿಂದ ಏನನ್ನು ಕತ್ತರಿಸಿದ್ದಾರೆ ಎಂದು ನೋಡಿಯೇ ಕೊಳ್ಳಬೇಕು. ರಟ್ಟಿನ ಅಂದ ಆಮೇಲಿನ ಮಾತು.

ಮೊದಲು ಪುಟಗಳ ಲೆಕ್ಕ

ಚಿತ್ರಪುಸ್ತಕಗಳಲ್ಲಿ ಹೆಚ್ಚಿನವು 32 ಪುಟದವು. ಅಚ್ಚಿನ ದೊಡ್ಡ ಹಾಳೆಯನ್ನು ಮಡಚುತ್ತಾ ಹೋದರೆ 8, 16, 32 ಹೀಗೆ ಪುಟಗಳಾಗುತ್ತವೆ. ಅದರಿಂದಲೇ ಈ ಲೆಕ್ಕ ಬಂದಿದೆ. ಒಳ್ಳೆಯ ಕಥೆಗಾರರು ಈ ಪುಟಗಳನ್ನೇ ಕಥೆಗೆ ದುಡಿಸಿಕೊಳ್ಳುತ್ತಾರೆ. ಬಾಗಿಲು ಬಡಿದವರು ಯಾರು ಎಂಬ ಪ್ರಶ್ನೆ ಈ ಪುಟದಲ್ಲಿದ್ದರೆ, ಉತ್ತರ ಅದೇ ಹಾಳೆಯ ಹಿಂಬದಿಯಲ್ಲಿ. ಮಗು ಉಸಿರು ಬಿಗಿಹಿಡಿದು ಪುಟ ತಿರುಗಿಸುತ್ತದೆ ನೋಡಿ, ಆ ಗಳಿಗೆಯೂ ಕಥೆಯೇ. ಸಂಕಲನದಲ್ಲಿ ಜಾಗ ಉಳಿಸಲು ನಾಲ್ಕು ಚಿತ್ರಗಳನ್ನು ಒಂದೇ ಪುಟಕ್ಕೆ ತುರುಕಿದರೆ ಪ್ರಶ್ನೆ, ಉತ್ತರ ಎರಡೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ.

ಹಾಗಾಗಿ ಒಟ್ಟು ಪುಟಗಳನ್ನು ಕಥೆಗಳ ಸಂಖ್ಯೆಯಿಂದ ಭಾಗಿಸಿ. ಒಂದೊಂದು ಕಥೆಗೆ 20ಕ್ಕಿಂತ ಜಾಸ್ತಿ ಪುಟ ಸಿಕ್ಕಿದ್ದರೆ ಮುಂದೆ ನೋಡಬಹುದು. ಏಳೆಂಟು ಪುಟಕ್ಕೆ ಇಳಿದಿದ್ದರೆ ನಾನಂತೂ ಅದನ್ನು ಅಲ್ಲೇ ಇಟ್ಟುಬಿಡುತ್ತೇನೆ.

ಚಿತ್ರಗಳನ್ನು ನಿಧಾನವಾಗಿ ನೋಡಿ

ಅಮೆರಿಕದ ಲೇಖಕ, ಕಲಾವಿದ ಮಾರಿಸ್ ಸೆಂಡಾಕ್ ಅವರ ಚಿತ್ರಪುಸ್ತಕ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ 1963ರಲ್ಲಿ ಬಂತು. ಅದರಲ್ಲಿ ಮೊದಲ ಚಿತ್ರ ಚಿಕ್ಕದು, ಸುತ್ತ ಬಿಳಿ ಜಾಗ. ಕಥೆಯ ಹುಡುಗನ ಕಲ್ಪನೆ ಬೆಳೆದಂತೆ ಚಿತ್ರವೂ ಬೆಳೆಯುತ್ತದೆ. ನಡುವೆ ಒಂದೂ ಮಾತಿಲ್ಲದೆ ಎರಡೂ ಪುಟಗಳನ್ನು ಪೂರ್ತಿ ತುಂಬಿಕೊಳ್ಳುತ್ತದೆ. ಇಂಥ ಕಥೆಯ ಚಿತ್ರಗಳನ್ನೆಲ್ಲ ಒಂದೇ ಅಳತೆಗೆ ಇಳಿಸಿದರೆ ಕಥೆಯ ಅರ್ಧ ಜೀವ ಹೋದಂತೆ. ಎರಿಕ್ ಕಾರ್ಲ್ 1969ರಲ್ಲಿ ಮಾಡಿದ ಹಸಿದ ಕಂಬಳಿಹುಳುವಿನ ಪುಸ್ತಕದಲ್ಲಿ ಹುಳು ತಿಂದ ಜಾಗದಲ್ಲಿ ನಿಜವಾದ ತೂತುಗಳಿವೆ. ಮಕ್ಕಳು ಅದರೊಳಗೆ ಬೆರಳು ತೂರಿಸುತ್ತಾರೆ. ಆ ತೂತುಗಳಿಲ್ಲದೆ ಬರೀ ಚಿತ್ರ ಅಚ್ಚು ಹಾಕಿದರೆ ಬೆರಳಿಗೆ ಏನು ಕೆಲಸ ಉಳಿಯಿತು? ಇಂಥ ಪುಸ್ತಕಗಳನ್ನು ಬಿಡಿಯಾಗಿಯೇ ಕೊಳ್ಳಿ.

ಮೂಲ ಕಲಾವಿದರ ಹೆಸರು ಇದೆಯೇ ಎಂದೂ ನೋಡಿ. ಆಮೇಲೆ ಪುಸ್ತಕದ ಮಧ್ಯಭಾಗವನ್ನು ಅಗಲವಾಗಿ ತೆರೆಯಿರಿ. ದಪ್ಪ ಪುಸ್ತಕದಲ್ಲಿ ಎರಡು ಪುಟಗಳ ಚಿತ್ರ ನಡುವಿನ ಮಡಿಕೆಯಲ್ಲಿ ಮುಳುಗಿಹೋಗುತ್ತದೆ. ಕೆಲವೊಮ್ಮೆ ಮುಖವೇ ಕಾಣುವುದಿಲ್ಲ! ದಾರದಿಂದ ಹೊಲಿದ ಪುಸ್ತಕ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ, ಬಾಳಿಕೆಯೂ ಬರುತ್ತದೆ. ಬರೀ ಅಂಟು ಹಾಕಿದ್ದರೆ ದಿನಾ ಓದುವ ಮನೆಯಲ್ಲಿ ಹಾಳೆ ಕಿತ್ತು ಬರಬಹುದು.

ಮಾತುಗಳು ಯಾರವು?

ಇಲ್ಲಿ ಎರಡು ಬಗೆ ಇದೆ. ಒಬ್ಬ ಲೇಖಕರು ಬರೆದ ಕಥೆಯಾದರೆ ಅವರ ಮಾತುಗಳೇ ಪೂರ್ತಿ ಇರಬೇಕು. ‘ಸಂಕ್ಷಿಪ್ತ’ ಎಂಬ ಪದ ಎಲ್ಲೋ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ, ಹುಡುಕಿ. ಅನುವಾದವಾದರೆ ಅನುವಾದಕರ ಹೆಸರೂ ಇರಬೇಕು.

ಜನಪದ ಕಥೆಗಳ ವಿಷಯ ಬೇರೆ. ಅವನ್ನು ಎಲ್ಲರೂ ಮರಳಿ ಹೇಳುತ್ತಲೇ ಬಂದಿದ್ದಾರೆ. ಜರ್ಮನಿಯ ಜನಪದ ಕಥೆಗಳನ್ನು ಕೂಡಿಹಾಕಿದ ಗ್ರಿಮ್ ಸಹೋದರರ 1812ರ ಮೊದಲ ಸಂಕಲನದಲ್ಲಿ ಸ್ನೋ ವೈಟ್‌ಗೆ ಕೇಡು ಬಗೆದವಳು ಹೆತ್ತ ತಾಯಿ. 1819ರ ಆವೃತ್ತಿಯಲ್ಲಿ ಅವಳು ಮಲತಾಯಿಯಾದಳು. ಹಾಗಾಗಿ ಮರಳಿ ಹೇಳಿದ್ದು ತಪ್ಪಲ್ಲ, ಚೆನ್ನಾಗಿ ಹೇಳಿದ್ದಾರಾ ಅನ್ನುವುದು ಮುಖ್ಯ. ಅದನ್ನು ತಿಳಿಯಲು ಒಂದೇ ದಾರಿ: ಒಂದು ಪುಟವನ್ನು ಬಾಯಿಬಿಟ್ಟು ಓದಿ. ನಾಲಿಗೆ ಎಡವಿದರೆ ಬೇಡ. ಇದೇ ಪುಟವನ್ನು ನೀವು ಐವತ್ತು ಸಲ ಓದಬೇಕಾಗುತ್ತದೆ, ಅಲ್ವಾ?

ಹಳೆಯ ಕಥೆಗಳಲ್ಲಿ ಬಣ್ಣ, ದೇಹ, ಹೆಣ್ಣು–ಗಂಡು ಎಂದು ಚುಚ್ಚುವ ಮಾತು, ಚಿತ್ರಗಳೂ ಬರುತ್ತವೆ. ಕೊಳ್ಳುವ ಮುನ್ನ ನೀವೇ ಒಮ್ಮೆ ಓದಿಕೊಳ್ಳಿ. ಕಥೆಯಲ್ಲಿ ಬರುವ ತೋಳದ ಭಯಕ್ಕೆ ಮಾತ್ರ ಹೆದರಬೇಡಿ. ಪಕ್ಕದಲ್ಲಿ ದೊಡ್ಡವರಿದ್ದರೆ ಮಕ್ಕಳಿಗೆ ಅಷ್ಟು ಭಯ ಇಷ್ಟವೇ.

ತೂಕ, ವಯಸ್ಸು

ಎರಡು ವರ್ಷದೊಳಗಿನ ಮಗುವಿಗೆ ಸಂಕಲನ ಬೇಡವೇ ಬೇಡ, ದಪ್ಪ ರಟ್ಟಿನ ಪುಟಗಳ ಸಣ್ಣ ಪುಸ್ತಕ ಸಾಕು. ಇಂಗ್ಲೆಂಡಿನ ಲೇಖಕಿ ಬಿಯಾಟ್ರಿಕ್ಸ್ ಪಾಟರ್ 1902ರಲ್ಲಿ ಪೀಟರ್ ಮೊಲದ ಕಥೆಯನ್ನು ಪುಟ್ಟ ಕೈಗೆ ಹಿಡಿಸುವ ಗಾತ್ರದಲ್ಲೇ ಪ್ರಕಟಿಸಿದ್ದು ಸುಮ್ನೆ ಅಲ್ಲ. ಮೂರು, ನಾಲ್ಕು ವರ್ಷಕ್ಕೆ ಒಂದೇ ಸಾಲು ಮತ್ತೆ ಮತ್ತೆ ಬರುವ ಕಥೆಗಳಿರುವ ಸಂಕಲನ ಒಳ್ಳೆಯದು. ಸಾಲು ಬರುವ ಮೊದಲೇ ಮಗು ಅದನ್ನು ಕೂಗಿ ಹೇಳುತ್ತದೆ. ಐದಾರು ವರ್ಷಕ್ಕೆ ಉದ್ದದ ಕಥೆಗಳೂ ಆಗುತ್ತವೆ.

ಮನೆಗೆ ತಂದ ಮೇಲೆ ಮೊದಲಿನಿಂದ ಸಾಲಾಗಿ ಓದಬೇಕಿಲ್ಲ. ಮಗು ಯಾವ ಪುಟ ತೆರೆಯುತ್ತದೋ ಅದೇ ಇವತ್ತಿನ ಕಥೆ. ಒಂದೇ ಕಥೆಯನ್ನು ವಾರಗಟ್ಟಲೆ ಕೇಳಿದರೆ, ಆ ಕಥೆಯ ಬಿಡಿ ಪುಸ್ತಕವನ್ನು ಹುಡುಕಿ ತನ್ನಿ.