ಗುರುತೇ ಇಲ್ಲದವರ ಮಿದುಳುಗಳೂ ಹೊಂದಿಕೊಂಡಾಗ

‘ನಾಳೆ ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ’ ಅಂತ ಪ್ರಯೋಗಕ್ಕೆ ಬರುವವರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳುತ್ತಿದ್ದೆ. ಎಣ್ಣೆಯಿದ್ದರೆ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿ ಟೋಪಿಯ ಎಲೆಕ್ಟ್ರೋಡ್‌ಗಳಿಗೆ ಸಂಪರ್ಕ ಸರಿಯಾಗಿ ಸಿಗುವುದಿಲ್ಲ. ಇಬ್ಬರು ಸಹಕರಿಸುವಾಗ ಅವರ ಮಿದುಳುಗಳೂ ಹೊಂದಿಕೊಳ್ಳುತ್ತವೆಯೇ ಎಂದು ನೋಡಲು ನನಗೋ ಒಂದೇ ಹೊತ್ತಿಗೆ ಎರಡು ತಲೆ ಬೇಕು. ಕೂದಲು ಸರಿಸಿ, ಜೆಲ್ ತುಂಬಿ, ಇಬ್ಬರನ್ನೂ ಸಿದ್ಧಮಾಡುವಷ್ಟರಲ್ಲಿ ಗಂಟೆಯ ಮೇಲಾಗುತ್ತಿತ್ತು. ಎರಡೂ ಟೋಪಿಗಳ ದಾಖಲೆ ಒಂದೇ ಗಡಿಯಾರಕ್ಕೆ ಸೇರಬೇಕು. ಕೆಲವು ಮಿಲಿಸೆಕೆಂಡು ಆಚೀಚೆಯಾದರೂ ಲೆಕ್ಕ ಕೆಡುತ್ತದೆ.

ಹೀಗೆ ಎರಡು ಮಿದುಳನ್ನು ಒಟ್ಟಿಗೆ ಅಳೆಯುವುದಕ್ಕೆ ಹೈಪರ್‌ಸ್ಕ್ಯಾನಿಂಗ್ ಎನ್ನುತ್ತಾರೆ. ನನ್ನನ್ನು ಇದಕ್ಕೆ ಎಳೆದದ್ದು 2009ರ ಬರ್ಲಿನ್ ಪ್ರಯೋಗ. ಉಲ್ಮನ್ ಲಿಂಡೆನ್‌ಬರ್ಗರ್ ಅವರ ತಂಡ ಎಂಟು ಜೋಡಿ ಗಿಟಾರ್ ವಾದಕರಿಂದ ಒಂದೇ ರಾಗ ನುಡಿಸಿ, ಅವರ ಮಿದುಳಿನ ಅಲೆಗಳು ಜೊತೆಯಾಗುವುದನ್ನು ಕಂಡಿತ್ತು. ನಾನು ಗಿಟಾರಿನ ಬದಲು ಆದಿತಾಳ ಹಾಕಿಸಿದೆ. ಇಬ್ಬರ ಕಿವಿಗೂ ಲಯಕ್ಕೆ ಟಿಕ್ ಟಿಕ್ ಎನ್ನುವ ಒಂದೇ ಮೆಟ್ರೊನೋಮ್.

ಮೊದಲ ಗ್ರಾಫ್ ಬಂದ ರಾತ್ರಿ ನಿದ್ದೆ ಹತ್ತಲಿಲ್ಲ, ಅಲೆಗಳು ಅಷ್ಟು ಚೆನ್ನಾಗಿ ಹೊಂದಿದ್ದವು. ಬೆಳಿಗ್ಗೆ ನಮ್ಮ ಗೈಡ್ ಮೇಡಂ ನೋಡಿ, ‘ಸೋಮವಾರ ಬಂದವರನ್ನ ಗುರುವಾರ ಬಂದವರ ಜೊತೆ ಜೋಡಿ ಮಾಡಿ ನೋಡಮ್ಮ’ ಅಂದರು. ಮಾಡಿದೆ. ಒಬ್ಬರನ್ನೊಬ್ಬರು ಕಂಡೇ ಇರದವರ ಮಿದುಳುಗಳೂ ಹೆಚ್ಚುಕಮ್ಮಿ ಅಷ್ಟೇ ಹೊಂದಿಕೊಂಡವು! ನಾನು ಅಳೆದದ್ದು ಸಹಕಾರವನ್ನಲ್ಲ, ಮೆಟ್ರೊನೋಮನ್ನು. ಒಂದೇ ಸದ್ದು ಕೇಳಿ ಒಂದೇ ಹೊತ್ತಿಗೆ ಕೈ ಆಡಿಸಿದರೆ ಯಾರ ಅಲೆಗಳಾದರೂ ಒಂದಕ್ಕೊಂದು ಹೋಲುತ್ತವೆ. ಸಂಶೋಧಕ ಏಡ್ರಿಯನ್ ಬರ್ಜೆಸ್ 2013ರಲ್ಲೇ ಇಂಥ ಎಚ್ಚರಿಕೆ ಬರೆದಿದ್ದರು. ಓದಿದ್ದೆ, ನನ್ನ ಕೆಲಸಕ್ಕೆ ಅನ್ವಯಿಸಿಕೊಂಡಿರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ದಾರಿ ತೋರಿಸಿದ್ದು ಸ್ಟ್ಯಾನ್‌ಫರ್ಡ್‌ನಲ್ಲಿ ಅಲನ್ ರೈಸ್ ಮತ್ತು ಸಂಗಡಿಗರು ಮಾಡಿದ 2012ರ ಪ್ರಯೋಗ. ಅವರು ಅಳೆದದ್ದು ವಿದ್ಯುತ್ ಅಲೆಗಳನ್ನಲ್ಲ, ಮಿದುಳಿನ ರಕ್ತದ ಏರಿಳಿತವನ್ನು. ಪಕ್ಕಪಕ್ಕ ಕೂತ ಇಬ್ಬರು, ಒಂದೇ ಸಂಕೇತ, ಒತ್ತಲು ಒಂದೊಂದು ಗುಂಡಿ. ‘ಇಬ್ಬರೂ ಒಟ್ಟಿಗೆ ಒತ್ತಿ’ ಅಂದಾಗ ಮಿದುಳಿನ ಬಲ ಮುಂಭಾಗದಲ್ಲಿ ಇಬ್ಬರ ಏರಿಳಿತವೂ ಜೊತೆಗೂಡಿತು. ‘ಪಕ್ಕದವರಿಗಿಂತ ಮೊದಲು ಒತ್ತಿ’ ಅಂದಾಗ ಇಲ್ಲ. ಕಣ್ಣಿಗೆ ಬೀಳುವುದು ಅದೇ, ಬೆರಳು ಮಾಡುವುದೂ ಅದೇ. ಬದಲಾದದ್ದು ಇಬ್ಬರ ಉದ್ದೇಶ ಮಾತ್ರ. ಎಂಥ ಸರಳ ಉಪಾಯ!

ತಾಳ ಬಿಟ್ಟು ನಾನೂ ಗುಂಡಿ ಹಿಡಿದೆ. ಒತ್ತುವ ಕ್ಷಣವನ್ನು ಕತ್ತರಿಸಿ ಹಾಕಿ, ಸಂಕೇತಕ್ಕಾಗಿ ಇಬ್ಬರೂ ಅಲ್ಲಾಡದೆ ಕಾಯುವ ಹೊತ್ತನ್ನಷ್ಟೇ ಉಳಿಸಿಕೊಂಡೆ. ಮೊದಲು ಗುಡ್ಡದಂತಿದ್ದ ಗ್ರಾಫ್ ಈಗ ಸಣ್ಣ ದಿಬ್ಬ. ಆದರೆ ಆ ದಿಬ್ಬ ಪೈಪೋಟಿಯ ಸುತ್ತುಗಳಲ್ಲಿ ಇರಲಿಲ್ಲ, ಕಲಸಿ ಮಾಡಿದ ಸುಳ್ಳು ಜೋಡಿಗಳಲ್ಲೂ ಇರಲಿಲ್ಲ. ಆ ಗುಡ್ಡಕ್ಕಿಂತ ಈ ದಿಬ್ಬದ ಮೇಲೆ ನನಗೆ ಪ್ರೀತಿ ಹೆಚ್ಚು.

ಈಗ ಸುಳ್ಳು ಜೋಡಿಗಳ ಗ್ರಾಫನ್ನು ಗೋಡೆಗೆ ಅಂಟಿಸಿದ ಮೇಲೆಯೇ ನಿಜವಾದ ಜೋಡಿಗಳ ಫೈಲ್ ತೆರೆಯುತ್ತೇನೆ.