ಡಬ್ಬಿ ಗಲಗಲ ಅನ್ನಬಾರದು

ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರಿಗೆ ಕೌನ್ಸೆಲರ್ ಆಗಿದ್ದಾಗ ಪ್ರೆಪ್ ಕೊಡುವ ಕೆಲಸವೂ ನನಗೆ ಬಂತು. ಎಚ್‌ಐವಿ ಇಲ್ಲದವರು ಅದು ಬರದಿರಲಿ ಅಂತ ದಿನಕ್ಕೊಂದು ನುಂಗುವ ಮಾತ್ರೆ: ಟೆನೊಫೋವಿರ್ 300 ಮಿಲಿಗ್ರಾಂ, ಎಮ್‌ಟ್ರಿಸಿಟಬಿನ್ 200. ಮರೆವೇ ದೊಡ್ಡ ತೊಂದರೆ ಅಂದುಕೊಂಡು ಎಲ್ಲರ ಮೊಬೈಲಿಗೂ ರಾತ್ರಿ ಒಂಬತ್ತಕ್ಕೆ ಅಲಾರಂ ಇಟ್ಟುಕೊಟ್ಟೆ. ಪೆದ್ದು ಕೆಲಸ. ಆ ಹೊತ್ತಿಗೆ ಕೆಲವರು ಗಿರಾಕಿ ಜೊತೆ ಇರುತ್ತಾರೆ, ಕೆಲವರು ಮನೆಯಲ್ಲಿ ಊಟ ಬಡಿಸುತ್ತಿರುತ್ತಾರೆ.

ಒಬ್ಬ ಅಕ್ಕ ಬಂದಾಗ 30ರ ಡಬ್ಬಿಯಲ್ಲಿ 17 ಮಾತ್ರೆ ಹಾಗೇ ಇದ್ದವು. ಬೈಯಲಿಲ್ಲ. ಬೈದರೆ ಮುಂದಿನ ಸಲ ಮಾತ್ರೆ ಎಸೆದು ಖಾಲಿ ಡಬ್ಬಿ ತರುತ್ತಾರೆ, ಅಷ್ಟೇ. ಆಫ್ರಿಕಾದಲ್ಲಿ ನಡೆದ ಫೆಮ್‌-ಪ್ರೆಪ್ ಅಧ್ಯಯನದಲ್ಲೂ ಹೆಚ್ಚಿನ ಹೆಂಗಸರು ತಪ್ಪದೆ ತಗೊಳ್ತೀವಿ ಅಂದಿದ್ದರು, ರಕ್ತ ನೋಡಿದರೆ ಅರ್ಧದಷ್ಟು ಜನರಲ್ಲೂ ಔಷಧಿ ಇರಲಿಲ್ಲ.

"ಎಲ್ಲಿ ಇಡ್ತೀರಿ ಅಕ್ಕಾ?" ಅಂದೆ. ಡಬ್ಬಿ ತೆಗೆದು ಅಲ್ಲಾಡಿಸಿದರು. ಗಲಗಲ. "ಬ್ಯಾಗ್ ಎತ್ತಿದ್ರೆ ಸಾಕು ಮೇಡಂ, ಈ ಸದ್ದು. ಏಡ್ಸ್ ಮಾತ್ರೆ ಅಂದ್ಕೊಂಡು ಅತ್ತೆ ಆಚೆ ಹಾಕ್ತಾರೆ." ನಿಜ ಅಲ್ವಾ, ಟೆನೊಫೋವಿರ್ ಎಚ್‌ಐವಿ ಬಂದವರ ಚಿಕಿತ್ಸೆಗೂ ಕೊಡ್ತಾರೆ, ನೋಡಿದವರಿಗೆ ಏನು ಗೊತ್ತಾಗುತ್ತೆ? ಲೇಬಲ್ ಕಿತ್ತು, ಡಬ್ಬಿಯೊಳಗೆ ಹತ್ತಿ ತುರುಕಿದೆ. ತೇವ ಹೀರುವ ಪುಟ್ಟ ಪೊಟ್ಟಣ ಮಾತ್ರ ಒಳಗೇ ಬಿಟ್ಟೆ. ಹೊತ್ತನ್ನು ಅವರೇ ಆರಿಸಿದರು, ಮಕ್ಕಳು ಸ್ಕೂಲಿಗೆ ಹೋದ ಮೇಲೆ, ಕಾಫಿ ಜೊತೆ.

ಸುರಕ್ಷತೆ ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಮೊದಲು ಎಚ್‌ಐವಿ ಪರೀಕ್ಷೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಸೋಂಕು ಆಗಲೇ ಇದ್ದರೆ ಈ ಎರಡು ಔಷಧಿ ಸಾಲದು, ವೈರಸ್ಸು ಇವಕ್ಕೆ ಬಗ್ಗದ ಹಾಗೆ ಆಗಿಬಿಡಬಹುದು. ಕಿಡ್ನಿ ಸರಿಯಿದೆಯಾ ಅಂತ ನೋಡಲು ಕ್ರಿಯಾಟಿನಿನ್ ಅನ್ನೋ ರಕ್ತಪರೀಕ್ಷೆ, ಜೊತೆಗೆ ಹೆಪಟೈಟಿಸ್ ಬಿ ಪರೀಕ್ಷೆ, ಯಾಕೆಂದರೆ ಬಿ ಇದ್ದವರು ಮಾತ್ರೆಯನ್ನು ದಿಢೀರ್ ನಿಲ್ಲಿಸಿದರೆ ಲಿವರ್ ಕೆರಳಬಹುದು. ಇನ್ನೊಂದನ್ನು ನಾನೂ ತಡವಾಗಿ ಕಲಿತೆ. ಸೊಂಟ ನೋವು ಅಂತ ಮೆಡಿಕಲ್ ಸ್ಟೋರಿನಿಂದ ದಿನಾ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ತಗೊಳ್ಳೋರು ಜಾಸ್ತಿ, ಟೆನೊಫೋವಿರ್ ಜೊತೆ ಅದು ಕಿಡ್ನಿಗೆ ಒಳ್ಳೆಯದಲ್ಲ. ಶುರುವಿನ ವಾಕರಿಕೆ ಹೆಚ್ಚಿನವರಿಗೆ ಕೆಲವು ವಾರದಲ್ಲಿ ಹೋಗುತ್ತೆ. ಬೇಕಾದಾಗ ಮಾತ್ರ ನುಂಗುವ ಎರಡು-ಒಂದು-ಒಂದರ ಲೆಕ್ಕ (ಸಂಭೋಗಕ್ಕೆ ಮೊದಲು ಎರಡು, ಆಮೇಲೆ ಎರಡು ದಿನ ಒಂದೊಂದು) ಹೆಂಗಸರಿಗಲ್ಲ, ದಿನಾ ತಗೊಳ್ಳಬೇಕು.

ಮೂರನೇ ತಿಂಗಳು ಆ ಅಕ್ಕ ಡಬ್ಬಿಯನ್ನು ನನ್ನ ಕಿವಿ ಹತ್ತಿರ ಅಲ್ಲಾಡಿಸಿ ನಕ್ಕರು. ಎಚ್‌ಐವಿ ನೆಗೆಟಿವ್. ಈ ಮಾತ್ರೆ ತಡೆಯದ ಲೈಂಗಿಕ ರೋಗ ಸಿಫಿಲಿಸ್ ಮಾತ್ರ ಪಾಸಿಟಿವ್. ಮಾತ್ರೆ ಇದೆಯಲ್ಲ ಅಂತ ಕಾಂಡೋಮ್ ಬಿಟ್ಟಿದ್ದರು. ಪೆನಿಸಿಲಿನ್ ಸೂಜಿಗೆ ಬೈದುಕೊಂಡೇ ಸೊಂಟ ಕೊಟ್ಟರು.